ತಲೆಯ ಗಾಯ ಒಣಗಿತು, ಮನೆಯವರ ಕಷ್ಟ ಅಲ್ಲಿಂದ ಶುರು

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಚಿಕ್ಕರಸಿನಕೆರೆ ಕಡೆಯ ಮದ್ರಸದಲ್ಲಿ ನಾನು ಕೆಲವು ವರ್ಷ ಪಾಠ ಮಾಡಿದ್ದೆ. ನಮ್ಮೂರಲ್ಲಿ ಉಸ್ತಾದ್ ಆಗಿದ್ದವನು ಅಲ್ಲಿ ಹಜ್ರತ್ ಆದೆ. ಸುತ್ತಲೂ ಕಬ್ಬಿನ ಗದ್ದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳದ್ದೇ ಸಾಲು. ಒಂದು ರಾತ್ರಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಟ್ರೇಲರ್‌ಗೆ ನಮ್ಮ ಜಮಾಅತ್‌ನ ಯುವಕನೊಬ್ಬನ ಬೈಕ್ ಬಡಿಯಿತು. ಎರಡು ಮಕ್ಕಳ ತಂದೆ. ಹೆಲ್ಮೆಟ್ ಇತ್ತು, ಬೈಕಿನ ಕನ್ನಡಿಗೆ ನೇತು ಹಾಕಿದ್ದ.

ಜಮಾಅತ್‌ನವರು ಜುಮಾ ಮುಗಿದ ಮೇಲೆ ಹಣ ಸಂಗ್ರಹಿಸಿದರು. ತಲೆಗೆ ಆಪರೇಷನ್ ಆಯಿತು. ತಿಂಗಳಾದ ಮೇಲೆ ಅವನು ನಡೆದುಕೊಂಡೇ ಮನೆಗೆ ಬಂದ. ನಾವೆಲ್ಲ ಅಲ್‌ಹಮ್ದುಲಿಲ್ಲಾಹ್ ಎಂದೆವು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡೆವು.

ಎರಡು ತಿಂಗಳಾದ ಮೇಲೆ ಅವನ ಹೆಂಡತಿ ಮದ್ರಸದ ಬಾಗಿಲಿಗೆ ಬಂದು ನಿಂತಳು. "ಹಜ್ರತ್, ಊಟ ಮಾಡ್ತಾರೆ, ನಡೀತಾರೆ, ಮಾತಾಡ್ತಾರೆ. ಆದ್ರೆ ಆಸ್ಪತ್ರೆಗೆ ಹೋದವ್ರೇ ಬೇರೆ, ಬಂದವ್ರೇ ಬೇರೆ. ಯಾರ ಹತ್ರ ಹೇಳ್ಲಿ?" ಚಮಚ ಬಿದ್ದ ಶಬ್ದಕ್ಕೆ ಮಗುವಿನ ಮೇಲೆ ಕೈ ಎತ್ತುತ್ತಾನಂತೆ. ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾನಂತೆ. ನಾನು ನೀರು ಓದಿ ಕೊಟ್ಟೆ, "ಸಬ್ರ್ ಮಾಡಮ್ಮ" ಅಂದೆ. ದುಆ ಮಾಡಿದ್ದು ತಪ್ಪಲ್ಲ. ಅಷ್ಟನ್ನೇ ಕೊಟ್ಟು ಕಳಿಸಿದ್ದು ತಪ್ಪು. ಊರಿನವರು ಇನ್ನೂ ಮುಂದೆ ಹೋದರು: ಗಾಳಿ ಸೋಕಿದೆ, ಸೊಕ್ಕು ಬಂದಿದೆ, ಹೆಂಡತಿ ಸರಿ ಇಲ್ಲ.

ಗಾಳಿಯೂ ಅಲ್ಲ, ಸೊಕ್ಕೂ ಅಲ್ಲ. ಕೋಪ ತಡೆಯುವುದು, ಮುಂದಿನದ್ದು ಯೋಚಿಸುವುದು, ಎಲ್ಲಿ ಏನು ಮಾತಾಡಬೇಕೆಂದು ತಿಳಿಯುವುದು, ಇದೆಲ್ಲ ಮುಖ್ಯವಾಗಿ ಮೆದುಳಿನ ಮುಂಭಾಗದ ಕೆಲಸ. ಅಲ್ಲಿಗೆ ಪೆಟ್ಟಾದರೆ ಕೈಕಾಲು ನೆಟ್ಟಗಿದ್ದರೂ ಸ್ವಭಾವ ಬದಲಾಗುತ್ತದೆ. ಹಳೆಯ ನೆನಪು ಉಳಿದು ಇಂದು ಬೆಳಗಿನದ್ದು ಮರೆತುಹೋಗಬಹುದು. ಬೇಗ ಸುಸ್ತಾಗುತ್ತದೆ, ಗದ್ದಲ ತಡೆಯಲಾಗುವುದಿಲ್ಲ. ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ. ಕೆಲವರಿಗೆ ಫಿಟ್ಸ್ ಬರುವುದುಂಟು. ಅದರ ಮಾತ್ರೆಯನ್ನು "ಈಗ ಗುಣವಾಯ್ತಲ್ಲ" ಎಂದು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ರೋಗಿಯನ್ನು ನೋಡಲು ಹೋಗುವುದು ಸುನ್ನತ್. ಆದರೆ ನಾವು ಹೋಗುವುದು ಹೇಗೆ? ಹತ್ತು ಜನ ಒಟ್ಟಿಗೆ ಕೂತು, "ನಾನ್ಯಾರು, ಗುರ್ತ ಸಿಕ್ಕಿತಾ?" ಎಂದು ಪರೀಕ್ಷೆ ಮಾಡುತ್ತೇವೆ. ಅವನಿಗೆ ಅದೇ ಹಿಂಸೆ. ಒಬ್ಬರೋ ಇಬ್ಬರೋ ಹೋಗಿ, ಹೆಸರು ನೀವೇ ಹೇಳಿ, ಒಂದು ಸಲಕ್ಕೆ ಒಂದೇ ಮಾತಾಡಿ, ಬೇಗ ಎದ್ದು ಬನ್ನಿ. ಮನೆಯಲ್ಲಿ ದಿನಚರಿ ಒಂದೇ ರೀತಿ ಇರಲಿ. ಔಷಧಿಯ ಹೊತ್ತು, ಮಾಡಬೇಕಾದ ಕೆಲಸ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿರಲಿ. ಸಿಟ್ಟು ಏರಿದಾಗ ವಾದ ಬೇಡ. ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ಯಿರಿ, "ಅಪ್ಪನಿಗೆ ನಿಮ್ಮ ಮೇಲೆ ಕೋಪವಲ್ಲ, ತಲೆಯ ಪೆಟ್ಟಿನದ್ದು" ಎಂದು ತಿಳಿಸಿ ಹೇಳಿ. ಹೊಡೆತ ಬೀಳುವ ಮಟ್ಟಕ್ಕೆ ಹೋದರೆ ಅದು ಸಬ್ರ್‌ನಿಂದ ಮುಚ್ಚಿಡುವ ವಿಷಯವಲ್ಲ, ಕೂಡಲೇ ಡಾಕ್ಟರಿಗೂ ಹಿರಿಯರಿಗೂ ತಿಳಿಸಬೇಕು.

ನಮಾಝ್‌ನಲ್ಲಿ ರಕಅತ್ ಮರೆಯುವವನನ್ನು ಸಫ್‌ನಲ್ಲೇ ಗದರುವವರಿದ್ದಾರೆ. ಬುದ್ಧಿ ಕಳೆದುಕೊಂಡವನ ಮೇಲೆ ದೀನ್ ಹೊರೆ ಹಾಕಿಲ್ಲ. ಅರ್ಧ ಅರಿವಿರುವವನ ವಿಷಯವನ್ನು ಡಾಕ್ಟರರ ಮಾತು ತಿಳಿದು ಆಲಿಮರಲ್ಲಿ ಕೇಳಬೇಕು, ಸಫ್‌ನಲ್ಲಿ ಫತ್ವಾ ಕೊಡಬಾರದು. ಸೂರಃ ಅನ್ನಿಸಾದ 5ನೇ ಆಯತ್, ವಿವೇಕ ಸಾಲದವರ ಕೈಗೆ ಸಂಪತ್ತು ಕೊಡಬೇಡಿ, ಆದರೆ ಅದರಿಂದಲೇ ಅವರಿಗೆ ಊಟ ಬಟ್ಟೆ ಕೊಡಿ, ಒಳ್ಳೆಯ ಮಾತಾಡಿ ಎಂದು ಕಲಿಸುತ್ತದೆ. ಅಂಥವನಿಂದ ಸಾಲದ ಪತ್ರಕ್ಕೆ, ಜಾಗದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಸಂಬಂಧಿಕರು ಈ ಆಯತನ್ನು ಇನ್ನೊಮ್ಮೆ ಓದಲಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆಂದೇ ನರರೋಗ ಪುನರ್ವಸತಿ ವಿಭಾಗವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮೆದುಳಿನ ಪೆಟ್ಟು ಎಂಬ ಪ್ರತ್ಯೇಕ ಹೆಸರಿಲ್ಲ. ಹಾಗೆಂದು ಕೈಬಿಡಬೇಡಿ. ಅದರಿಂದ ನಡಿಗೆ, ಮಾತು, ಮನಸ್ಸಿಗೆ ಆದ ತೊಂದರೆಯ ಆಧಾರದಲ್ಲಿ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅಪಘಾತ ಪರಿಹಾರದ ಅರ್ಜಿಯನ್ನೂ ತಡಮಾಡದೆ ವಕೀಲರ ಮೂಲಕ ಹಾಕಿ.

ಇದು ಮಂಡ್ಯದ ಕಥೆ ಮಾತ್ರವಲ್ಲ. ಸುರತ್ಕಲ್, ತೊಕ್ಕೊಟ್ಟು, ಬಿ.ಸಿ.ರೋಡ್ ಹೆದ್ದಾರಿಗಳಲ್ಲಿ ನಮ್ಮ ಮಕ್ಕಳ ಬೈಕ್‌ಗಳೂ ಓಡುತ್ತಿವೆ. ಗಲ್ಫ್‌ನಲ್ಲಿ ಕೆಲಸದ ಜಾಗದಲ್ಲಿ ಬಿದ್ದು ಊರಿಗೆ ಬಂದವರೂ ನಮ್ಮಲ್ಲಿ ಇದ್ದಾರೆ. ಆಸ್ಪತ್ರೆ ಬಿಲ್‌ಗೆ ಲಕ್ಷಗಟ್ಟಲೆ ಕೂಡಿಸುವ ಜಮಾಅತ್‌ಗಳು ಇನ್ನೊಂದು ಕೆಲಸ ಮಾಡಬೇಕು. ಇಂಥ ಮನೆಗೆ ವಾರಕ್ಕೊಮ್ಮೆ ಎರಡು ಗಂಟೆ ಸರದಿ ಹಾಕಿ. ಗಂಡಸರು ಅವನ ಜೊತೆ ಕೂರಲಿ, ನಡೆದಾಡಿಸಲಿ. ಹೆಂಗಸರು ಮಕ್ಕಳನ್ನು ನೋಡಿಕೊಳ್ಳಲಿ. ಆ ಎರಡು ಗಂಟೆ ಅವನ ಹೆಂಡತಿಯೋ ಉಮ್ಮನೋ ಮಲಗಲಿ. ಇದಕ್ಕೆ ಹಣ ಬೇಡ.

ಆ ತಂಗಿ ನನ್ನ ಹತ್ತಿರ ಹಣ ಕೇಳಲಿಲ್ಲ, ಯಾರ ಹತ್ರ ಹೇಳ್ಲಿ ಎಂದು ಕೇಳಿದ್ದಳು. ಈ ಶುಕ್ರವಾರ ನಿಮ್ಮ ಮಹಲ್ಲ್‌ನಲ್ಲಿ ಅಂಥ ಮನೆ ಯಾವುದಿದೆ ಎಂದು ವಿಚಾರಿಸಿ, ಹೋಗಿ ಕೇಳಿ ಬನ್ನಿ. ಹೋಗುವಾಗ ಹೆಲ್ಮೆಟ್ ತಲೆಗೆ ಹಾಕಿಕೊಂಡೇ ಹೋಗಿ.