ಸಾಬೂನಿನ ಹಿಂದಿರುವ ಕಾಡು

ಸ್ನಾನದ ಸಾಬೂನನ್ನು ಕೊಳ್ಳುವಾಗ ಗೃಹಿಣಿಯು ಸಾಮಾನ್ಯವಾಗಿ ಗಮನಿಸುವುದು ಪರಿಮಳ, ನೊರೆ ಮತ್ತು ಬೆಲೆ. ಹೊದಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾದುದನ್ನು ಓದುವವರು ವಿರಳ. ಅಲ್ಲಿ ‘ಸೋಡಿಯಂ ಪಾಮೇಟ್’ ಎಂದಿದ್ದರೆ ಆ ಬಿಲ್ಲೆಗೆ ತಾಳೆ ಎಣ್ಣೆ ಸೇರಿದೆಯೆಂದು ಅರ್ಥ; ‘ಸೋಡಿಯಂ ಪಾಮ್ ಕರ್ನಲೇಟ್’ ಎಂದಿದ್ದರೆ ತಾಳೆಬೀಜದ ಎಣ್ಣೆ. ಮೊದಲನೆಯದರಿಂದ ಬಿಲ್ಲೆಗೆ ಗಡಸುತನ ಬರುತ್ತದೆ. ಎರಡನೆಯದು ಕೊಬ್ಬರಿ ಎಣ್ಣೆಯಂತೆಯೇ ಧಾರಾಳವಾಗಿ ನೊರೆ ಕೊಡುತ್ತದೆ.

ಇದು ತಾಟಿನುಂಗು ಬಿಡುವ ತಾಳೆಯಲ್ಲ. ಪಶ್ಚಿಮ ಆಫ್ರಿಕದ ಎಣ್ಣೆತಾಳೆ. 1848ರಲ್ಲಿ ಇದರ ನಾಲ್ಕು ಸಸಿಗಳು ಜಾವಾ ದ್ವೀಪದ ಬೋಗೋರ್ ಸಸ್ಯೋದ್ಯಾನಕ್ಕೆ ಬಂದವು. 1911ರಲ್ಲಿ ಸುಮಾತ್ರದಲ್ಲಿ ತೋಟದ ಬೇಸಾಯ ಮೊದಲಾಯಿತು. ಇಂದು ಜಗತ್ತಿನ ತಾಳೆ ಎಣ್ಣೆಯಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಪಾಲು ಇಂಡೊನೇಷ್ಯ, ಮಲೇಷ್ಯಗಳದು. ಅದನ್ನು ಅತಿ ಹೆಚ್ಚಾಗಿ ತರಿಸಿಕೊಳ್ಳುವ ದೇಶಗಳ ಸಾಲಿನಲ್ಲಿ ಭಾರತವಿದೆ.

ತೋಟಗಳಿಗಾಗಿ ಸುಮಾತ್ರ, ಬೋರ್ನಿಯೊಗಳ ವಿಶಾಲ ಮಳೆಕಾಡುಗಳು ನೆಲಕ್ಕುರುಳಿದವು. ಅಲ್ಲಿನ ಜೌಗುನೆಲದಲ್ಲಿ ಸಹಸ್ರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ಶೇಖರವಾದ ಸಸ್ಯರಾಶಿಯಿದೆ. ಕಾಲುವೆ ತೋಡಿ ನೀರನ್ನು ಬಸಿದೊಡನೆ ಅದು ಒಣಗಿ, ಕಿಡಿ ತಗುಲಿದರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ. 2015ರಲ್ಲಿ ಇಂಡೊನೇಷ್ಯದ 20 ಲಕ್ಷಕ್ಕೂ ಹೆಚ್ಚು ಹೆಕ್ಟೇರ್ ನೆಲ ಸುಟ್ಟಿತು. ತೋಟಗಳೊಂದೇ ಅದಕ್ಕೆ ಕಾರಣವಲ್ಲವಾದರೂ, ಅವುಗಳ ಪಾಲು ಸಣ್ಣದಲ್ಲ. ಹೊಗೆ ಸಿಂಗಪುರದವರೆಗೂ ಕವಿದು ಶಾಲೆಗಳು ಮುಚ್ಚಿದವು. ಮರಗಳ ಮೇಲೆಯೇ ಬಾಳುವ ಒರಾಂಗುಟಾನ್ ವಾನರಕ್ಕೆ ಇದು ಕುಲಕ್ಕೇ ಬಂದ ಆಪತ್ತು. ಅದರ ತಾಯಿ ಏಳೆಂಟು ವರ್ಷಕ್ಕೊಂದು ಮರಿಯನ್ನು ಮಾತ್ರ ಹೆರುತ್ತಾಳೆ. ಒಮ್ಮೆ ಅಳಿದ ಸಂತತಿ ಬೇಗನೆ ತುಂಬಿಬರುವಂತಿಲ್ಲ.

ಹಾಗಾದರೆ ತಾಳೆ ಎಣ್ಣೆಯನ್ನೇ ತ್ಯಜಿಸಬೇಕೆ? ಉತ್ತರ ಅಷ್ಟು ಸುಲಭವಲ್ಲ. ಒಂದು ಹೆಕ್ಟೇರಿನಲ್ಲಿ ಎಣ್ಣೆತಾಳೆ ಕೊಡುವಷ್ಟು ಎಣ್ಣೆಯನ್ನು ತೆಂಗಾಗಲಿ ಸೋಯಾ ಆಗಲಿ ಕೊಡಲಾರದು. ಎಲ್ಲರೂ ಅವುಗಳತ್ತ ತಿರುಗಿದರೆ ಇನ್ನಷ್ಟು ನೆಲ ಬೇಕಾಗಿ, ಬೇರೊಂದು ಕಾಡು ಬಲಿಯಾದೀತು. ಸುಮಾತ್ರದ ಲಕ್ಷಾಂತರ ಸಣ್ಣ ರೈತರ ಅನ್ನವೂ ಇದೇ ಮರದಿಂದ. ದೋಷವಿರುವುದು ಮರದಲ್ಲಲ್ಲ, ಕಾಡನ್ನು ಕಡಿದು ಅದನ್ನು ನೆಟ್ಟುದರಲ್ಲಿ.

ಆದುದರಿಂದ ಕೊಳ್ಳುವವರು ಕೇಳಬೇಕಾದುದು ‘ಯಾವ ಎಣ್ಣೆ’ ಎಂಬುದರ ಜೊತೆಗೆ ‘ಎಲ್ಲಿ ಬೆಳೆದುದು’ ಎಂಬುದನ್ನು. 2004ರಲ್ಲಿ ಸ್ಥಾಪಿತವಾದ ಆರ್‌ಎಸ್‌ಪಿಒ ಸಂಸ್ಥೆಯ ಮುದ್ರೆ ಈ ಬಗೆಗೆ ಒಂದಿಷ್ಟು ಭರವಸೆ ಕೊಡುತ್ತದೆ, ಪೂರ್ಣ ರಕ್ಷಣೆಯಲ್ಲ. ಬರಿಯ ‘ಸಸ್ಯಜನ್ಯ ಎಣ್ಣೆ’ ಎಂದಿದ್ದರೆ ತಯಾರಕರಿಗೆ ಕಾಗದ ಬರೆದು ವಿಚಾರಿಸಬಹುದು. ಮನೆಯಲ್ಲಿ ಬಿಲ್ಲೆಯನ್ನು ನೀರು ನಿಲ್ಲದ ತಟ್ಟೆಯಲ್ಲಿಟ್ಟು, ಸವೆದ ಚೂರನ್ನು ಹೊಸದಕ್ಕೆ ಅಂಟಿಸಿದರೆ ಖರ್ಚೂ ಉಳಿಯುತ್ತದೆ, ಎಣ್ಣೆಯೂ ಉಳಿಯುತ್ತದೆ.