ದೇವರ ಜೊತೆ ಜಗಳಕ್ಕೂ ಜಾಗ ಬಿಡಿ

ಬೆಂಗಳೂರಿನಲ್ಲಿ ನಾನು ಹೋಗುವ ಪ್ರಾರ್ಥನಾಕೂಟದಲ್ಲಿ ಪ್ರತಿ ಶುಕ್ರವಾರ ಒಬ್ಬೊಬ್ಬರಾಗಿ ಸಾಕ್ಷಿ ಹೇಳಬೇಕು. ಪ್ರಮೋಷನ್ ಸಿಕ್ಕಿತು, ಸ್ತೋತ್ರ. ವೀಸಾ ಬಂತು, ಸ್ತೋತ್ರ. ನನ್ನ ಸರದಿ ಬಂದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: 'ದೇವರನ್ನು ತಂದೆಯೇ ಅಂತ ಕರೆಯುವಾಗ ನನಗೆ ಗಂಟಲು ಕಟ್ಟುತ್ತೆ. ನಮ್ಮಪ್ಪ ಕುಡಿದು ಬಂದು ಬಾರುಕೋಲಲ್ಲಿ ಹೊಡೀತಿದ್ದರು. ಆಗ ನೀನು ಎಲ್ಲಿದ್ದೆ ಅಂತ ದೇವರನ್ನ ಇವತ್ತಿಗೂ ಕೇಳ್ತಾ ಇದೀನಿ.'

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಕೂಟ ನಡೆಸುವವರು ಮುಗುಳ್ನಕ್ಕು, 'ಕ್ಷಮಿಸಿಬಿಡಿ ಬ್ರದರ್. ಹಳೇದೆಲ್ಲ ಕಳೆದುಹೋಯ್ತು. ಬನ್ನಿ, ಎಲ್ಲದಕ್ಕೂ ಸ್ತೋತ್ರ ಹೇಳೋಣ' ಅಂದರು. ಗಿಟಾರ್ ಶುರುವಾಯಿತು.

ಆ ಗಿಟಾರಿನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇವರೆಲ್ಲ ಬೈಬಲ್ಲಿನಲ್ಲಿ ಏನು ಓದುತ್ತಾರೋ! 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಜಗಳ. ಬಹುಪಾಲು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ ನಿಜ. ಆದರೆ 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸೇರಿಸಿದವರಿಗೆ ಒಂದು ಒಳ್ಳೇ ಸಾಲು ಹಚ್ಚಿ ಮುಗಿಸಲು ಬರುತ್ತಿರಲಿಲ್ಲವೇ? ಅವರು ಹಚ್ಚಲಿಲ್ಲ.

ಇನ್ನು ಯೋಬ. ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನು ನ್ಯಾಯಕ್ಕೆ ಕರೆದ. ಅವನ ಗೆಳೆಯರು ಮೊದಲ ಏಳು ದಿನ ಸುಮ್ಮನೆ ಅವನ ಪಕ್ಕ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟದ್ದೇ ತಡ, ಉಪದೇಶ. 42ನೇ ಅಧ್ಯಾಯದಲ್ಲಿ ದೇವರು ಯಾರ ಮೇಲೆ ಕೋಪಿಸಿಕೊಳ್ಳುತ್ತಾನೆ? ಕೂಗಾಡಿದ ಯೋಬನ ಮೇಲಲ್ಲ. ತನ್ನ ಪರ ವಕಾಲತ್ತು ಮಾಡಿದ ಆ ಗೆಳೆಯರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ. ಕೂಟ ನಡೆಸುವವರು ಈ ಅಧ್ಯಾಯವನ್ನು ವರ್ಷಕ್ಕೊಮ್ಮೆಯಾದರೂ ಓದಲಿ.

ಶಿಲುಬೆಯ ಮೇಲೆ ಯೇಸು ಕೂಡ 'ಎಲ್ಲದಕ್ಕೂ ಸ್ತೋತ್ರ' ಅನ್ನಲಿಲ್ಲ. ಯಾಕೆ ಕೈಬಿಟ್ಟೆ ಎಂದು ಕೇಳಿದ. ಮತ್ತಾಯ, ಮಾರ್ಕ ಇಬ್ಬರೂ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಪುನರುತ್ಥಾನವಾದ ಮೇಲೂ ಮೈಮೇಲಿನ ಗಾಯದ ಗುರುತು ಹೋಗಿರಲಿಲ್ಲ, ತೋಮನಿಗೆ ತೋರಿಸಿದ್ದು ಅದನ್ನೇ. 'ಹಳೇದೆಲ್ಲ ಕಳೆದುಹೋಯ್ತು' ಅನ್ನುವವರು ಆ ಕೈಗಳನ್ನು ಎಲ್ಲಿ ಬಚ್ಚಿಡುತ್ತಾರೆ?

ಕ್ಷಮಿಸಬಾರದು ಅಂತ ನಾನು ಹೇಳ್ತಿಲ್ಲ. ಆದರೆ ಏನನ್ನು ಕ್ಷಮಿಸಬೇಕು ಅಂತ ಬಾಯಿಬಿಟ್ಟು ಹೇಳೋಕೂ ಬಿಡದೆ ಕ್ಷಮಿಸು ಅಂದರೆ ಹೇಗೆ? ಕ್ಯಾಚ್ ಬ್ಲಾಕ್ ಖಾಲಿ ಬಿಟ್ಟು ಎರರ್ ನುಂಗಿಸಿದರೆ ಸಾಫ್ಟ್‌ವೇರ್ ಸರಿಯಾಯಿತು ಅಂತ ನಮ್ಮಲ್ಲಿ ಫ್ರೆಶರ್ ಕೂಡ ನಂಬಲ್ಲ. ಕೌನ್ಸೆಲರ್ ಹತ್ತಿರ ಹೋಗ್ತೀನಿ ಅಂದರೆ ಅದಕ್ಕೂ 'ವಿಶ್ವಾಸ ಸಾಲದು' ಅನ್ನುವವರಿದ್ದಾರೆ. ಅವರ ಬಗ್ಗೆ ಮಾತಾಡಿದರೆ ಬಿಪಿ ಏರುತ್ತೆ, ಬಿಡಿ.

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಅಪ್ಪ ಕುಡಿದು ರಂಪ ಮಾಡಿದ ಮಾರನೇ ಬೆಳಿಗ್ಗೆ ಚರ್ಚಿಗೆ ಹೋಗಿ, ಆರೋಗ್ಯಮಾತೆಯ ಮುಂದೆ ಮೊಂಬತ್ತಿ ಹಚ್ಚಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. 'ಮಗನ್ನ ಕಳ್ಕೊಂಡೋಳು ನೀನು. ನಿಂಗೂ ತಿಳಿಯಾಕಿಲ್ವಾ ನನ್ ಸಂಕ್ಟ? ಕಲ್ಲಾಗಿ ನಿಂತಿದೀಯಲ್ಲ!' ಫಾದರ್ ಒಮ್ಮೆಯೂ ತಡೆಯಲಿಲ್ಲ. ಊರಿನವರಿಗೂ ಅದು ತಪ್ಪೆನಿಸಲಿಲ್ಲ. ದಾಸರು ದೇವರನ್ನು ಬೈದು ಹಾಡಿದ್ದಕ್ಕೆ ನಿಂದಾಸ್ತುತಿ ಎಂದು ಹೆಸರಿಟ್ಟ ನಾಡಲ್ಲವೇ ಇದು? ಅಜ್ಜಿ ಬೈದು ಸುಸ್ತಾಗಿ, ಶಿಲುಬೆ ಗುರುತು ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಮರುವಾರ ಮತ್ತೆ ಹಾಜರ್. ನಂಬಿಕೆ ಇಲ್ಲದವಳು ಯಾಕೆ ವಾಪಸ್ ಬರ್ತಾಳೆ?

ಹೋದ ಶುಕ್ರವಾರ ಮತ್ತೆ ನನ್ನ ಸರದಿ. ಏನೂ ಹೇಳದೆ 88ನೇ ಕೀರ್ತನೆಯನ್ನು ಪೂರ್ತಿ ಓದಿ ಕೂತೆ. ಯಾರೂ ಆಮೆನ್ ಅನ್ನಲಿಲ್ಲ. ಕೆಳಗೆ ಬೈಕ್ ತೆಗೆಯುವಾಗ, ಯಾವಾಗಲೂ ಕೊನೆಯ ಸಾಲಿನಲ್ಲಿ ಕೂರುವ ಒಬ್ಬರು ಹತ್ತಿರ ಬಂದು, 'ಬ್ರದರ್, ಅದು ಎಷ್ಟನೇದು ಅಂದ್ರಿ?' ಅಂತ ಮೆಲ್ಲಗೆ ಕೇಳಿದರು.