ಪಡಸಾಲೆಯಿಂದ: ಚಿಕ್ಕಮ್ಮನ ಬಟನ್ ಫೋನು

ಪ್ರೀತಿಯ ಮಕ್ಕಳೇ,

ಕಳೆದ ಭಾನುವಾರ ಮಧ್ಯಾಹ್ನ ನಿಮ್ಮಲ್ಲಿ ಯಾರಾದರೂ ನಮ್ಮ ಕೋಡಂಬಾಕ್ಕಂ ಮನೆಗೆ ಬಂದಿದ್ದರೆ ಒಂದು ತಮಾಷೆ ನೋಡುತ್ತಿದ್ದಿರಿ. ಊಟದ ಮೇಜಿನ ಮೇಲೆ ಎರಡು ಫೋನುಗಳನ್ನು ಎದುರುಬದುರಾಗಿ ಇಟ್ಟಿದ್ದೆ, ಒಂದು ನನ್ನದು, ಒಂದು ನಮ್ಮ ಮನೆಯವರದು. ಒಂದರಲ್ಲಿ ಜರ್ಮನಿಯಲ್ಲಿರುವ ನನ್ನ ಮಗಳು, ಇನ್ನೊಂದರಲ್ಲಿ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ. ಅವರಿಬ್ಬರೂ ಮಾತಾಡುತ್ತಿದ್ದರು, ನಾನು ನಡುವೆ ಕೂತು ಕಾಯಿ ತುರಿಯುತ್ತಿದ್ದೆ. ಪಕ್ಕದ ಮನೆಯ ಮಾಮಿ ಬಂದು ನೋಡಿ, "ಏನಿದು, ಫೋನಿಗೆ ಫೋನು ತೋರಿಸಿ ಹೆಣ್ಣು ನೋಡುವ ಶಾಸ್ತ್ರ ಮಾಡುತ್ತಿದ್ದೀರಾ?" ಎಂದು ನಕ್ಕರು.

ಈ ಶಾಸ್ತ್ರ ಯಾಕೆ ಬೇಕಾಯಿತು ಎನ್ನುವುದೇ ಈ ಸಲದ ಮಾತು. ಬಿ.ಎ. ಇಂಗ್ಲಿಷ್ ಓದಿ ಮನೆ ನೋಡಿಕೊಂಡಿದ್ದವಳು ಕಂಪ್ಯೂಟರಿನ ಪಾಠ ಹೇಳಲು ಹೊರಟಳಲ್ಲ ಎಂದು ನಗಬೇಡಿ. ಇದನ್ನೆಲ್ಲ ನಾನು ಕಲಿತದ್ದು ಮಗಳಿಂದಲೇ.

ನಮ್ಮ ತಂದೆ ಅರವತ್ತರ ದಶಕದಲ್ಲಿ ಇಲ್ಲಿಯ ಸ್ಟುಡಿಯೋ ಒಂದರಲ್ಲಿ ಸೆಟ್ ಕೆಲಸಕ್ಕೆ ಸೇರಿದವರು. ಆಗ ಕನ್ನಡ ಸಿನಿಮಾಗಳೆಲ್ಲ ಹೆಚ್ಚಾಗಿ ಇಲ್ಲೇ ತಯಾರಾಗುತ್ತಿದ್ದವು. ಊರಿಗೆ ಮಾತಾಡಬೇಕೆಂದರೆ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ. ಎಕ್ಸ್‌ಚೇಂಜಿನಲ್ಲಿ ಕೂತ ಹೆಣ್ಣುಮಗಳು ಆ ಕಡೆಯ ತಂತಿಯನ್ನು ಈ ಕಡೆಗೆ ಚುಚ್ಚಿದರೆ ಮಾತು. ಕಷ್ಟವೇನೋ ಇತ್ತು. ಆದರೆ ಒಂದು ಗುಣವೂ ಇತ್ತು. ಯಾವ ಊರಿನ ಯಾವ ಫೋನಿನಿಂದ ಬೇಕಾದರೂ ಇನ್ನಾವ ಫೋನಿಗಾದರೂ ಮಾತಾಡಬಹುದಿತ್ತು. "ನಿಮ್ಮದು ಯಾವ ಕಂಪನಿಯ ಫೋನು?" ಎಂದು ಯಾರೂ ಕೇಳುತ್ತಿರಲಿಲ್ಲ.

ಈಗ ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. 2017ರಲ್ಲಿ ಜಿಯೋ ಫೋನು ಬಂತು. 1500 ರೂಪಾಯಿ ಠೇವಣಿ, ಬಟನ್ನು ಒತ್ತುವ ಫೋನು, ಆದರೂ ಇಂಟರ್ನೆಟ್ ಇತ್ತು, ಕನ್ನಡವೂ ಇತ್ತು. ನನ್ನ ತಮ್ಮ ಚಿಕ್ಕಮ್ಮನಿಗೆ ಒಂದು ತಂದುಕೊಟ್ಟ. ಅದರೊಳಗೆ ಕೆಲಸ ಮಾಡುವುದು ಕೈಓಎಸ್. ಅದು ಮೊಜಿಲ್ಲಾದವರ ಫೈರ್‌ಫಾಕ್ಸ್ ಓಎಸ್‌ನಿಂದ ಹುಟ್ಟಿದ್ದು, ತಿರುಳಿನಲ್ಲಿರುವುದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಲೋಕಕ್ಕೆ ಬಿಟ್ಟುಕೊಟ್ಟದ್ದೇ ಆ ಲಿನಕ್ಸ್. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಅದೇ.

ಹಾಗಾದರೆ ಲಿನಕ್ಸ್ ಇದ್ದ ಫೋನಿನಲ್ಲಿ ಎಲ್ಲ ಬಗೆಯ ಕರೆಯೂ ಬರಬೇಕಲ್ಲ? ಅಲ್ಲೇ ಇರುವುದು ತೊಡಕು. ತೆರೆದ ತಂತ್ರಾಂಶವೆಂದರೆ ಅಡುಗೆಯ ಜೊತೆಗೆ ಮಾಡುವ ವಿಧಾನವನ್ನೂ ಬರೆದುಕೊಟ್ಟ ಹಾಗೆ. ನಿಮ್ಮ ಒಲೆ, ನಿಮ್ಮ ಪಾತ್ರೆಗೆ ತಕ್ಕಂತೆ ನೀವೇ ಮಾಡಿಕೊಳ್ಳಬಹುದು. ಮುಚ್ಚಿದ ತಂತ್ರಾಂಶವೆಂದರೆ ಮೊಹರು ಹಾಕಿದ ಡಬ್ಬಿಯ ಉಪ್ಪಿನಕಾಯಿ. ರುಚಿ ಚೆನ್ನಾಗಿರಬಹುದು, ಆದರೆ ಏನೇನು ಹಾಕಿದ್ದಾರೆ ಎಂದು ಅವರು ಹೇಳುವುದಿಲ್ಲ. ಬೇಕಾದರೆ ಅವರೇ ಮಾಡಿಕೊಡಬೇಕು.

ಸ್ಕೈಪ್ ಹಾಗೆಯೇ ಇತ್ತು. 2003ರಲ್ಲಿ ಶುರುವಾಗಿ, ಪರದೇಶದಲ್ಲಿ ಮಕ್ಕಳಿದ್ದ ಎಷ್ಟೋ ತಾಯಂದಿರ ಕಣ್ಣೀರು ಒರೆಸಿದ್ದು ಅದು. ನಮ್ಮ ಶ್ರೀಪೆರಂಬುದೂರಿನಲ್ಲಿ 2006ರಿಂದ 2014ರವರೆಗೆ ಕಾರ್ಖಾನೆ ನಡೆಸಿದ ನೋಕಿಯಾದವರು ಆ ಕಾಲದಲ್ಲೇ ಲಿನಕ್ಸ್ ಮೇಲೆ ನಡೆಯುವ ಅಂಗೈಯಗಲದ ಯಂತ್ರಗಳನ್ನೂ ಮಾಡಿದ್ದರು. ಸ್ಕೈಪಿನವರು ಮೇಜಿನ ಮೇಲಿನ ಲಿನಕ್ಸ್ ಕಂಪ್ಯೂಟರಿಗೆ ಆಗಲೇ ತಂತ್ರಾಂಶ ಕೊಟ್ಟಿದ್ದರು. ಆದರೆ ಈ ಕೈಯಂತ್ರದ ಪ್ರೊಸೆಸರ್ ಬೇರೆ ಜಾತಿಯದು, ಅಲ್ಲಿಯದು ಇಲ್ಲಿ ನಡೆಯುವುದಿಲ್ಲ. ವಿಧಾನ ಗುಟ್ಟಾಗಿದ್ದರಿಂದ ಎಂಥ ಜಾಣ ಹುಡುಗರಿದ್ದರೂ ತಾವೇ ಮಾಡಿಕೊಳ್ಳುವ ಹಾಗಿರಲಿಲ್ಲ. ಕೊನೆಗೆ 2007ರಲ್ಲಿ ಸ್ಕೈಪಿನವರೇ ಎನ್ 800 ಎಂಬ ಯಂತ್ರಕ್ಕೆ ಮಾಡಿಕೊಟ್ಟರು. 2009ರ ಎನ್ 900 ಫೋನಿನಲ್ಲಂತೂ ಸಾಧಾರಣ ಕರೆಯ ಪಕ್ಕದಲ್ಲೇ ಸ್ಕೈಪ್ ಕರೆಯೂ ಕೂತಿತ್ತು.

ಆ ಸುಖ ಬಹಳ ದಿನ ಇರಲಿಲ್ಲ. 2011ರಲ್ಲಿ ನೋಕಿಯಾ ಕಂಪನಿ ಮೈಕ್ರೋಸಾಫ್ಟಿನ ವಿಂಡೋಸ್ ಫೋನಿನ ಕಡೆಗೆ ತಿರುಗಿತು. ಅದೇ ವರ್ಷ ಮೈಕ್ರೋಸಾಫ್ಟ್ ಸ್ಕೈಪನ್ನೂ ಕೊಂಡಿತು. ಕಡೆಗೆ 2025ರ ಮೇ 5ರಂದು ಸ್ಕೈಪ್ ಬಾಗಿಲನ್ನೇ ಮುಚ್ಚಿದರು. ಅವರ ವಸ್ತು, ಮುಚ್ಚುವ ಹಕ್ಕು ಅವರಿಗಿದೆ. ಆದರೆ ನಮ್ಮ ಮಾತು ಅದರ ಮೇಲೆ ನಿಂತಿತ್ತಲ್ಲ!

ಜಿಯೋ ಫೋನಿನ ಕತೆಯೂ ಇದೇ ದಾರಿ ಹಿಡಿಯಿತು. ಅದು ಮಾರಾಟಕ್ಕೆ ಬಂದಾಗ ವಾಟ್ಸಾಪ್ ಇರಲಿಲ್ಲ. ಆ ಕಂಪನಿಯವರೇ ಬೇರೆ ಆವೃತ್ತಿ ಮಾಡಿ 2018ರ ಸೆಪ್ಟೆಂಬರಿನಲ್ಲಿ ಕೊಟ್ಟರು. ಆ ದೀಪಾವಳಿಗೆ ನಾವು ಊರಿಗೆ ಹೋದಾಗ ಮಗಳೇ ಕೂತು ಹಾಕಿಕೊಟ್ಟಳು. ಆಗ ಅದರಲ್ಲಿ ಕರೆ ಇರಲಿಲ್ಲ, ಮಾತನ್ನು ರೆಕಾರ್ಡ್ ಮಾಡಿ ಕಳಿಸಬಹುದಿತ್ತು, ಅಷ್ಟೆ. ಬಟನ್ನು ಒತ್ತಿ ಹಿಡಿದೇ ಮಾತಾಡಬೇಕು. ಚಿಕ್ಕಮ್ಮ ನಡುವೆ ಕೈಬಿಡುತ್ತಿದ್ದರು. ಮೊದಲ ವಾರ ನಮಗೆ ಬಂದದ್ದೆಲ್ಲ "ಏ ಪುಟ್ಟೀ..." ಎಂಬ ಒಂದೇ ಮಾತು!

ಆಮೇಲೆ ಕೈ ಪಳಗಿತು. ಮಕ್ಕಳೇ, ನಿಮ್ಮ ಹಾಗೆಯೇ ನನ್ನ ಮಗಳೂ ಮದರಾಸಿನಲ್ಲೇ ಹುಟ್ಟಿ ತಮಿಳು, ಇಂಗ್ಲಿಷ್ ಓದಿದವಳು. ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. 2019ರಲ್ಲಿ ಜರ್ಮನಿಗೆ ಹೋದಳು. ಅಲ್ಲಿ ಅವಳಿಗೆ ಕನ್ನಡವೆಂದರೆ ನಾವು ಮತ್ತು ಚಿಕ್ಕಮ್ಮ. "ಇಲ್ಲಿ ಮಳೆ ಪೇಯುತ್ತಿದೆ ಅಜ್ಜಿ" ಎಂದು ಇವಳು ಕಳಿಸಿದರೆ, "ಮಳೆ ಪೇಯೋದಿಲ್ಲ ಕಣೇ, ಹುಯ್ಯುತ್ತೆ" ಎಂದು ಅಲ್ಲಿಂದ ಉತ್ತರ. ಪತ್ರೊಡೆ ಮಾಡುವ ಕ್ರಮ, ಕಣಿಲೆ ಕಹಿ ತೆಗೆಯುವ ಬಗೆ, ಸತ್ತುಹೋದ ನಮ್ಮ ಅಮ್ಮನ ಬಾಲ್ಯದ ಕತೆ, ಎಲ್ಲ ತುಣುಕು ತುಣುಕಾಗಿ ಬಂತು. 2021ರಲ್ಲಿ ಅದೇ ಫೋನಿಗೆ ವಾಟ್ಸಾಪಿನ ಧ್ವನಿ ಕರೆಯೂ ಬಂದಾಗ ಅಜ್ಜಿ ಮೊಮ್ಮಗಳು ಗಂಟೆಗಟ್ಟಲೆ ಮಾತಾಡಿದರು.

2024ರ ಜೂನಿನಲ್ಲಿ ಕೈಓಎಸ್ ಫೋನುಗಳಿಗೆ ಹೊಸದಾಗಿ ವಾಟ್ಸಾಪ್ ಹಾಕಿಕೊಳ್ಳುವುದು ನಿಂತಿತು. ಮೊದಲೇ ಇದ್ದವರಿಗೂ 2025ರ ಆರಂಭಕ್ಕೆ ಮುಗಿಯಿತು. ತಿಂಗಳುಗಟ್ಟಲೆ ಮೊದಲೇ ಗೊತ್ತಿದ್ದ ವಿಷಯ ಇದು. ಆದರೂ ನಾವು "ನೋಡೋಣ" ಎಂದು ಕೂತೆವು. ತಪ್ಪು ನಮ್ಮದೇ. ಆಮೇಲೆ ತಮ್ಮ ಟಚ್ ಫೋನು ಕೊಡಿಸಿದ. ಜೀವಮಾನವೆಲ್ಲ ಅಡಿಕೆ ಸುಲಿದು, ಬೂದಿಯಲ್ಲಿ ಪಾತ್ರೆ ಉಜ್ಜಿದ ಬೆರಳು ಅದು. ಒರಟಾಗಿ ಒಣಗಿದೆ. ಗಾಜು ಆ ಬೆರಳನ್ನು ಗುರುತಿಸಲೇ ಇಲ್ಲ. "ನನ್ನ ಕೈ ಅದಕ್ಕೆ ಬೇಡವಂತೆ" ಎಂದು ಚಿಕ್ಕಮ್ಮ ಅದನ್ನು ಬೀರುವಿನಲ್ಲಿಟ್ಟರು.

ಬಟನ್ ಫೋನಿನಲ್ಲಿ ಸಾಧಾರಣ ಕರೆ ಈಗಲೂ ಬರುತ್ತದೆ. ಆದರೆ ಜರ್ಮನಿಯಿಂದ ಹಾಗೆ ದಿನವೂ ಮಾತಾಡಿದರೆ ಮಗಳ ಸಂಬಳ ಸಾಲದು. ಅದಕ್ಕೇ ಭಾನುವಾರದ ಈ ಏರ್ಪಾಡು. ಮಗಳು ಇಂಟರ್ನೆಟ್ಟಿನಲ್ಲಿ ನನಗೆ ಕರೆಯುತ್ತಾಳೆ, ನಾನು ಇನ್ನೊಂದು ಫೋನಿನಿಂದ ಊರಿಗೆ ಕರೆಯುತ್ತೇನೆ. ಎರಡರ ಸ್ಪೀಕರನ್ನೂ ಹಾಕಿ ಎದುರುಬದುರು ಇಡುತ್ತೇನೆ. ಅಂಚೆ ಕಚೇರಿಯಲ್ಲಿ ಕಾದು ನಿಲ್ಲುತ್ತಿದ್ದ ಹುಡುಗಿ ಈಗ ತಾನೇ ಎಕ್ಸ್‌ಚೇಂಜ್ ಆಗಿದ್ದಾಳೆ!

ನಗು ಒಂದು ಕಡೆ ಇರಲಿ. ನಿಮ್ಮಲ್ಲಿ ಅನೇಕರು ಇದೇ ಕಂಪ್ಯೂಟರ್ ಕೆಲಸದಲ್ಲಿದ್ದೀರಿ. ಒಂದು ಸೇವೆಯಿಂದ ಇನ್ನೊಂದಕ್ಕೆ ಕರೆ ಹೋಗುವಂತೆ ಮಾಡುವುದು ಅಸಾಧ್ಯವೇನಲ್ಲ. ಇಮೇಲ್ ಹಾಗೇ ಹೋಗುತ್ತದೆ. ಯುರೋಪಿನ ಒಕ್ಕೂಟ 2022ರಲ್ಲಿ ಒಂದು ಕಾಯ್ದೆಯನ್ನೇ ಮಾಡಿದೆ. ದೊಡ್ಡ ಸಂದೇಶ ಸೇವೆಗಳು, ಕೇಳಿಕೊಂಡು ಬಂದ ಬೇರೆ ಸೇವೆಗಳಿಗೂ ಬಾಗಿಲು ತೆರೆಯಬೇಕು, ಮೊದಲು ಸಂದೇಶಕ್ಕೆ, ಆಮೇಲೆ ಕರೆಗೆ. ಜಿಟ್ಸಿಯಂಥ ತೆರೆದ ತಂತ್ರಾಂಶಗಳೂ ಇವೆ. ಮುಂದೆ ನೀವು ಏನನ್ನಾದರೂ ಕಟ್ಟುವಾಗ, ಒರಟು ಬೆರಳಿನ ಅಜ್ಜಿಯೊಬ್ಬಳು ಹಳೆಯ ಫೋನು ಹಿಡಿದು ಆ ತುದಿಯಲ್ಲಿದ್ದಾಳೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ಮಾತು, ಇದು ಇವತ್ತೇ ಮಾಡುವಂಥದ್ದು. ಮಗಳು ಫೋನು ಬದಲಿಸುವಾಗ ಉದಾಸೀನ ಮಾಡಿ ಚಿಕ್ಕಮ್ಮನ ಹಳೆಯ ಧ್ವನಿ ತುಣುಕುಗಳನ್ನೆಲ್ಲ ಕಳೆದುಕೊಂಡಳು. ನನಗೆ ಬಂದಿದ್ದ ನಲವತ್ತು ಮಾತ್ರ ಉಳಿದಿವೆ. ಅವನ್ನು ಎರಡು ಕಡೆ ನಕಲು ಮಾಡಿಟ್ಟಿದ್ದೇನೆ. ನಿಮ್ಮ ಫೋನಿನಲ್ಲೂ ಅಜ್ಜ, ಅಜ್ಜಿ, ಸೋದರತ್ತೆಯರ ದನಿ ಇರಬೇಕು. ತೆಗೆದು ಭದ್ರವಾಗಿಡಿ. ಅವರ ನಂಬರನ್ನು ಒಂದು ಪುಸ್ತಕದಲ್ಲಿ, ಸಾಧ್ಯವಾದರೆ ಹೆಸರನ್ನು ಕನ್ನಡದಲ್ಲೇ, ಬರೆದಿಡಿ. ದಾರಿಗಳು ತೆರೆಯುತ್ತವೆ, ಮುಚ್ಚುತ್ತವೆ. ಮಾತಾಡುವವರು ಇರುವಾಗ ಮಾತಾಡಬೇಕು.

ಮೊನ್ನೆಯ ಕರೆ ಮುಗಿಯುವಾಗ ಚಿಕ್ಕಮ್ಮ ಮಗಳನ್ನು ಕೇಳಿದರು, "ಅಲ್ಲಿ ಮಳೆ ಉಂಟೇನೇ?"

"ಹುಯ್ಯುತ್ತಾ ಇದೆ ಅಜ್ಜಿ" ಎಂದಳು ಮಗಳು. ನನ್ನ ಎಕ್ಸ್‌ಚೇಂಜಿಗೆ ಅಷ್ಟು ಸಂಬಳ ಸಾಕು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.

ನಿಮ್ಮ
ಕೋಡಂಬಾಕ್ಕಂ ಆಂಟಿ